ರೆಕ್ಕೆಯಿದ್ದೂ ಹಾರದ ಕಾದಂಬರಿ

ಅಮೆರಿಕದ ಲೇಖಕಿ ರೆಬೆಕ್ಕಾ ಯಾರೋಸ್ ಅವರ 'ಫೋರ್ತ್ ವಿಂಗ್' 2023ರಲ್ಲಿ ಪ್ರಕಟವಾದಂದಿನಿಂದ ಎದ್ದಿರುವ ಗದ್ದಲ ದಿಲ್ಲಿ, ನೋಯ್ಡಾ, ಗುರುಗ್ರಾಮಗಳ ಕನ್ನಡ ಮನೆಗಳನ್ನೂ ಬಿಟ್ಟಿಲ್ಲ. ಸರಣಿಯ ಮೂರನೆಯ ಪುಸ್ತಕ 'ಆನಿಕ್ಸ್ ಸ್ಟಾರ್ಮ್' 2025ರ ಜನವರಿಯಲ್ಲಿ ಬಂದಾಗ ಮೊದಲ ವಾರದಲ್ಲೇ 27 ಲಕ್ಷ ಪ್ರತಿಗಳು ಖರ್ಚಾದವೆಂಬ ಲೆಕ್ಕವನ್ನು ವಿಮರ್ಶೆಯ ಜಾಗದಲ್ಲಿ ತಂದು ನಿಲ್ಲಿಸಲಾಗಿದೆ. ಮೊದಲ ಸಂಪುಟವನ್ನು ಕೊನೆಯ ಪುಟದವರೆಗೆ ಓದಿ ನಾನು ನಿರಾಶನಾದೆ. ಆದರೆ ಈ ನಿರಾಶೆಯ ಕಾರಣ ನಮ್ಮ ಹಿರಿಯರು ಊಹಿಸುವಂಥದ್ದಲ್ಲ.

'ಡ್ರ್ಯಾಗನ್ನು, ಪ್ರೇಮ, ಮಂತ್ರ. ಇದೂ ಒಂದು ಸಾಹಿತ್ಯವೇ?' ಎಂದು ಮೂಗು ಮುರಿಯುವವರು ತಾವು ದಿನನಿತ್ಯ ಬಳಸುವ 'ಕಾದಂಬರಿ' ಎಂಬ ಪದವನ್ನೇ ಮರೆತಿರುತ್ತಾರೆ. ಗಂಧರ್ವರು, ಶಾಪ, ಪುನರ್ಜನ್ಮ, ಕಥೆ ಹೇಳುವ ಗಿಳಿ ಇವೆಲ್ಲ ತುಂಬಿದ ಬಾಣಭಟ್ಟನ ಅದ್ಭುತ ಪ್ರೇಮಕಥೆಯ ಹೆಸರೇ ಕನ್ನಡದಲ್ಲೂ ಮರಾಠಿಯಲ್ಲೂ ಇಡೀ ಪ್ರಕಾರದ ಹೆಸರಾಯಿತು. ಬಾಣನಿಗೆ ಆಶ್ರಯವಿತ್ತ ಹರ್ಷನ ವಂಶದ ಥಾಣೇಸರ ದಿಲ್ಲಿಯಿಂದ ಅಂಬಾಲಾ ದಾರಿಯಲ್ಲೇ ಸಿಗುತ್ತದೆ. ಕೃತಿಯನ್ನು ಸಾವಿರ ವರ್ಷಗಳಷ್ಟು ಹಿಂದೆಯೇ ಕನ್ನಡಕ್ಕೆ ತಂದವನು ನಾಗವರ್ಮ. ಕನಸಿನಲ್ಲಿ ಕಂಡವಳನ್ನು ಹುಡುಕಿ ಹೊರಡುವ ರಾಜಕುಮಾರನ ಕಥೆಯನ್ನು ನೇಮಿಚಂದ್ರ 'ಲೀಲಾವತಿ'ಯಲ್ಲಿ ಬರೆದ. ಆದ್ದರಿಂದ ಪ್ರಕಾರದ ಮೇಲೆ ತಕರಾರಿಲ್ಲ. ತಕರಾರಿರುವುದು ಕಲ್ಪನೆಯ ಬಡತನದ ಮೇಲೆ.

ಯಾರೋಸರ ನಾಯಕಿ ವಯಲೆಟ್ ಗ್ರಂಥ, ದಫ್ತರಗಳ ನಡುವೆ ಬೆಳೆದವಳು. ಸೇನಾಧಿಪತಿಯಾದ ತಾಯಿ ಅವಳನ್ನು ಬಲವಂತವಾಗಿ ಡ್ರ್ಯಾಗನ್ ಸವಾರರ ಸೈನಿಕ ಶಾಲೆಗೆ ತಳ್ಳುತ್ತಾಳೆ. ಸುಲಭವಾಗಿ ಮುರಿಯುವ ಮೂಳೆಗಳ ಈ ಹುಡುಗಿಯ ದೇಹಯಾತನೆಯ ಚಿತ್ರಣ ಪ್ರಾಮಾಣಿಕವಾದದ್ದು, ಅದನ್ನು ಒಪ್ಪಲೇಬೇಕು. ಅವಳ ರಾಜ್ಯ ಗಡಿಯಾಚೆಯ ಭೀಕರ ಸತ್ಯವೊಂದನ್ನು ಪ್ರಜೆಗಳಿಂದ ಮುಚ್ಚಿಟ್ಟಿದೆ, ಇತಿಹಾಸವನ್ನೇ ತಿದ್ದಿದೆ. ಪುಸ್ತಕಗಳನ್ನು ನಂಬಿ ಬೆಳೆದವಳಿಗೆ ಪ್ರಭುತ್ವವೇ ಪುಸ್ತಕಗಳನ್ನು ತಿರುಚಿದೆಯೆಂದು ತಿಳಿಯುವ ಕ್ಷಣ! ರಾಜಧಾನಿಯಲ್ಲಿ ಬದುಕುವ ನಮಗೆ ಇದಕ್ಕಿಂತ ಹತ್ತಿರದ ವಸ್ತು ಯಾವುದಿದೆ? ಆದರೆ ಆ ಕ್ಷಣ ಬಂದಾಗ ಲೇಖಕಿಯ ಆಸಕ್ತಿ ಬೇರೆಡೆಗೆ ಜಾರುತ್ತದೆ. 'ಪ್ರಿಯಕರ ಇದನ್ನು ನನಗೇಕೆ ಹೇಳಲಿಲ್ಲ' ಎಂಬ ಮುನಿಸೇ ಮುಖ್ಯವಾಗಿ, ಒಂದು ದೇಶದ ಸುಳ್ಳು ಇಬ್ಬರ ಜಗಳವಾಗಿ ಕುಗ್ಗುತ್ತದೆ.

ಪ್ರೇಮವಾದರೂ ಗಟ್ಟಿಯೇ? ಇವರ ಡ್ರ್ಯಾಗನ್ನುಗಳೆರಡು ಜೋಡಿಯಾಗಿರುವುದರಿಂದ ಸವಾರರೂ ಬಹುಕಾಲ ದೂರವಿರುವಂತಿಲ್ಲ. ಆ ಪ್ರಾಣಿಗಳ ಕಾಮ ಇವರ ಮೈಗೂ ಹರಿಯುತ್ತದೆ. ಬಯಕೆ ತನ್ನದೋ ಡ್ರ್ಯಾಗನ್ನಿನದೋ ಎಂಬ ಭಯಂಕರ ಪ್ರಶ್ನೆ ಇಲ್ಲಿ ಏಳಬೇಕಿತ್ತು. ಬದಲಿಗೆ ಅದು ಶಯನಗೃಹದ ದೃಶ್ಯಕ್ಕೆ ಅನುಕೂಲವಾಗುತ್ತದೆ. ನಾಗರಹಾವು ಗಂಡನ ರೂಪದಲ್ಲಿ ರಾತ್ರಿ ಬರುವ 'ನಾಗಮಂಡಲ'ದಲ್ಲಿ (1988) ಗಿರೀಶ ಕಾರ್ನಾಡರು ಇಂಥದೇ ಪ್ರಶ್ನೆಯನ್ನು ಎದುರಿಸಿ ರಾಣಿಯನ್ನು ಹುತ್ತದ ಮುಂದೆ, ಊರಿನ ಮುಂದೆ ನಿಲ್ಲಿಸಿದರು. 'ಕಾದಂಬರಿ'ಯ ಮಹಾಶ್ವೇತೆ, ಸತ್ತ ಪ್ರಿಯನಿಗಾಗಿ ತಪಸ್ಸು ಮಾಡುತ್ತಿರುವಾಗ ಪೀಡಿಸಲು ಬಂದ ಯುವಕನಿಗೆ ಗಿಳಿಯಾಗೆಂದು ಶಾಪವಿಡುತ್ತಾಳೆ. ಆ ಯುವಕನೇ ಮರುಹುಟ್ಟು ಪಡೆದ ಅವಳ ಪ್ರಿಯ! ಅವಳ ನಿಷ್ಠೆಯೇ ಅವಳ ಪ್ರೇಮವನ್ನು ಇರಿಯುತ್ತದೆ. ಅದ್ಭುತವಿಲ್ಲದೆ ಈ ದುರಂತವನ್ನು ಹೇಳಲಾಗದು. ಯಾರೋಸರ ಡ್ರ್ಯಾಗನ್ನುಗಳನ್ನು ತೆಗೆದು ಯುದ್ಧವಿಮಾನಗಳನ್ನು ಇಟ್ಟರೆ ಪ್ರೇಮಕಥೆಗೆ ಆಗುವ ನಷ್ಟ ಅಲ್ಪ.

ಹೊರನಾಡ ಕನ್ನಡಿಗನಾಗಿ ನನ್ನನ್ನು ಹೆಚ್ಚು ಚುಚ್ಚಿದ್ದು ಭಾಷೆಯ ವಿಷಯ. ಡ್ರ್ಯಾಗನ್ನುಗಳಿಗೆ ಸ್ಕಾಟ್ಲೆಂಡಿನ ಗೇಲಿಕ್ ನುಡಿಯಿಂದ ಹೆಸರುಗಳನ್ನು ಆಯ್ದುಕೊಂಡಿದ್ದಾರೆ. 2023ರ ಸಂದರ್ಶನವೊಂದರಲ್ಲಿ ಲೇಖಕಿ ಆ ಪದಗಳನ್ನು ಉಚ್ಚರಿಸಿದ ರೀತಿಗೆ ಗೇಲಿಕ್ ಭಾಷಿಕರು ಆಕ್ಷೇಪಿಸಿದರು. ಕ್ಷೀಣಿಸುತ್ತಿರುವ ನುಡಿಯೊಂದು ಬಲಿಷ್ಠ ಭಾಷೆಯ ಮಾರುಕಟ್ಟೆಯಲ್ಲಿ ಬರಿಯ ಕಿವಿಯೋಲೆಯಾಗುವುದೆಂದರೆ ಇದೇ. 2025ರ ಮೇ ತಿಂಗಳಲ್ಲಿ ಅಂತರರಾಷ್ಟ್ರೀಯ ಬೂಕರ್ ಪಡೆದ ಬಾನು ಮುಷ್ತಾಕರ 'ಹಾರ್ಟ್ ಲ್ಯಾಂಪ್' ಅನುವಾದದಲ್ಲಿ ದೀಪಾ ಭಾಸ್ತಿಯವರು ಕನ್ನಡದ ಪದಗಳನ್ನು ಅಡಿಟಿಪ್ಪಣಿಯಿಲ್ಲದೆ ಹಾಗೇ ಉಳಿಸಿ ಇಂಗ್ಲಿಷ್ ಓದುಗನನ್ನೇ ಎರಡು ಹೆಜ್ಜೆ ಮುಂದೆ ಬರುವಂತೆ ಮಾಡಿದರು. ಎರವಲು ಬೇರೆ, ಗೌರವ ಬೇರೆ.

ಮಕ್ಕಳ ಕೈಯಿಂದ ಯಾರೋಸರನ್ನು ಕಸಿಯುವುದರಿಂದ ಏನೂ ಆಗದು. ಮುಂದಿನ ರಾಜ್ಯೋತ್ಸವದಲ್ಲಿ ಸನ್ಮಾನ ಭಾಷಣಗಳಲ್ಲಿ ಒಂದನ್ನಾದರೂ ಕೈಬಿಟ್ಟು ನಾಗವರ್ಮನ ಮಹಾಶ್ವೇತೆಯ ಭಾಗವನ್ನು ಹೊಸಗನ್ನಡದ ವಿವರಣೆಯೊಂದಿಗೆ ಓದಿಸಲಿ. ಬಳಿಕ ವೇದಿಕೆಯನ್ನು 'ಫೋರ್ತ್ ವಿಂಗ್' ಓದಿದ ಹುಡುಗಿಯರಿಗೆ ಬಿಟ್ಟುಕೊಡಲಿ. ಅವರು ವಯಲೆಟ್‌ಳ ಪಕ್ಷವನ್ನೇ ವಹಿಸಿದರೂ ಚಿಂತೆಯಿಲ್ಲ. ಆ ವಾದಕ್ಕೆ ನಾನು ಮೊದಲ ಸಾಲಿನಲ್ಲೇ ಕುಳಿತಿರುತ್ತೇನೆ.