ಮನೆತನದ ಹೆಸರು, ಗೋದಾಮಿನ ಲೆಕ್ಕ

2020ರ ಕೃಷಿ ಕಾಯ್ದೆಗಳ ಗದ್ದಲ ಎದ್ದಾಗಿನಿಂದ ನಮ್ಮ ಸಭೆಗಳಲ್ಲಿ ಒಂದು ಮಾತು ಬೇರೂರಿಬಿಟ್ಟಿದೆ. ಕಾಳುಕಡಿಯ ವ್ಯಾಪಾರ ಮನೆತನಗಳ ಕೈಯಲ್ಲಿದ್ದರೆ ರೈತ ಬದುಕುತ್ತಾನೆ, ಕಂಪನಿಗಳ ಕೈಗೆ ಹೋದರೆ ಕೆಟ್ಟ ಎಂಬ ಮಾತು ಅದು. ಆ ಕಾಯ್ದೆಗಳು 2021ರಲ್ಲೇ ರದ್ದಾದವು, ಮಾತು ಉಳಿದುಕೊಂಡಿತು. ಅದರಲ್ಲಿ ಕಾಳಜಿ ಇದೆ, ವಿಚಾರ ಸಾಲದು. ಅಂಗಡಿಯ ಬೋರ್ಡಿನ ಮೇಲೆ ಅಪ್ಪ-ಮಕ್ಕಳ ಹೆಸರಿದ್ದ ಮಾತ್ರಕ್ಕೆ ರೈತನಿಗೆ ನ್ಯಾಯ ಸಿಗುವುದಿಲ್ಲ. ಗೋದಾಮಿನಲ್ಲಿ ಎಷ್ಟು ಮಾಲಿದೆ, ಪೇಟೆಯಲ್ಲಿ ಎಷ್ಟು ಬೇಡಿಕೆ ಇದೆ ಎಂಬುದು ಅವನಿಗೂ ತಿಳಿದಿದ್ದರೆ ಮಾತ್ರ ಸಿಗುತ್ತದೆ.

ನಾವು 'ಕಂಪನಿ' ಎಂದು ಬೈಯುವಾಗ ಮೊದಲು ನಾಲಿಗೆಗೆ ಬರುವ ಹೆಸರು ಕಾರ್ಗಿಲ್. 1992ರ ಡಿಸೆಂಬರ್‌ನಲ್ಲಿ ಎಂ.ಡಿ. ನಂಜುಂಡಸ್ವಾಮಿಯವರ ರೈತ ಸಂಘದವರು ಬೆಂಗಳೂರಿನಲ್ಲಿ ಅದರ ಬೀಜದ ಕಚೇರಿಗೆ ನುಗ್ಗಿ ಕಡತಗಳಿಗೆ ಬೆಂಕಿ ಇಟ್ಟರು. ಮರುವರ್ಷ ಬಳ್ಳಾರಿಯಲ್ಲಿ ಕಟ್ಟುತ್ತಿದ್ದ ಅದರ ಘಟಕದ ಮೇಲೂ ದಾಳಿ ನಡೆಯಿತು. ಇವತ್ತು ದಾವಣಗೆರೆ ಜಿಲ್ಲೆಯಲ್ಲಿ ಅದೇ ಕಾರ್ಗಿಲ್ ಮೆಕ್ಕೆಜೋಳ ಅರೆಯುವ ಕಾರ್ಖಾನೆ ನಡೆಸುತ್ತಿದೆ. ಇಂಥ ಕಾರ್ಗಿಲ್ ಒಂದು ಮನೆತನದ ವ್ಯಾಪಾರ. 1865ರಲ್ಲಿ ಅಮೆರಿಕದ ಅಯೋವಾ ರಾಜ್ಯದ ಕಾನೋವರ್‌ನಲ್ಲಿ ವಿಲಿಯಂ ವ್ಯಾಲೇಸ್ ಕಾರ್ಗಿಲ್ ಹಿಡಿದ ಒಂದು ಕಾಳಿನ ಗೋದಾಮಿನಿಂದ ಅದು ಬೆಳೆಯಿತು. ಇಂದಿಗೂ ಅದು ಷೇರುಪೇಟೆಗೆ ಬಂದಿಲ್ಲ. ಒಡೆತನದ ಬಹುಪಾಲು ಕಾರ್ಗಿಲ್ ಮತ್ತು ಮ್ಯಾಕ್‌ಮಿಲನ್ ಮನೆತನಗಳಲ್ಲೇ ಇದೆ. 1851ರಲ್ಲಿ ಹುಟ್ಟಿದ ಫ್ರಾನ್ಸಿನ ಕಾಳಿನ ಕಂಪನಿ ಲೂಯಿ ಡ್ರೇಫಸ್ ಕೂಡ ಮನೆತನದ್ದೇ, ಬೆಲ್ಜಿಯಂ ಮೂಲದ ಫ್ರೀಬೂರ್ಗ್‌ರ ಕಾಂಟಿನೆಂಟಲ್ ಕೂಡ.

ಇದು ಕಾಕತಾಳೀಯವಲ್ಲ. ಕಾಳಿನ ವ್ಯಾಪಾರದಲ್ಲಿ ಬಂಡವಾಳದಷ್ಟೇ ಬೆಲೆ ಸುದ್ದಿಗೂ ಇದೆ. ಎಲ್ಲಿ ಮಳೆ ಕೈಕೊಟ್ಟಿತು, ಯಾವ ಬಂದರಿಗೆ ಹಡಗು ಬರುತ್ತಿದೆ ಎಂಬುದನ್ನು ಎರಡು ದಿನ ಮೊದಲು ತಿಳಿದವನು ಗೆಲ್ಲುತ್ತಾನೆ. ಷೇರುಪೇಟೆಯಲ್ಲಿರುವ ಕಂಪನಿ ಮೂರು ತಿಂಗಳಿಗೊಮ್ಮೆ ಲೆಕ್ಕ ಬಿಚ್ಚಿಡಬೇಕು, ಮನೆತನಕ್ಕೆ ಆ ಹಂಗಿಲ್ಲ.

ಹಂಗಿಲ್ಲದಿರುವುದು ರೈತನಿಗೆ ಏನು ಮಾಡುತ್ತದೆ ಎಂಬುದಕ್ಕೆ 1972ರ ಬೇಸಿಗೆಗಿಂತ ಸ್ಪಷ್ಟವಾದ ಸಾಕ್ಷಿ ನನಗೆ ಗೊತ್ತಿಲ್ಲ. ಸೋವಿಯತ್ ಒಕ್ಕೂಟದಲ್ಲಿ ಬೆಳೆ ಕೈಕೊಟ್ಟಿತ್ತು. ಅಲ್ಲಿನ ಖರೀದಿದಾರರು ನ್ಯೂಯಾರ್ಕಿಗೆ ಬಂದು ಒಬ್ಬೊಬ್ಬ ವ್ಯಾಪಾರಿಯ ಜತೆಗೂ ಬೇರೆಬೇರೆಯಾಗಿ, ಗುಟ್ಟಾಗಿ ಮಾತಾಡಿದರು. ಮೊದಲ ದೊಡ್ಡ ವ್ಯವಹಾರ ಕುದುರಿಸಿದವರು ಕಾಂಟಿನೆಂಟಲ್‌ನ ಮಿಶೆಲ್ ಫ್ರೀಬೂರ್ಗ್. ಪಕ್ಕದವನು ಎಷ್ಟು ಮಾರಿದ ಎಂಬುದು ಇನ್ನೊಬ್ಬನಿಗೆ ತಿಳಿಯಲಿಲ್ಲ, ಒಟ್ಟು ಎಷ್ಟಾಯಿತು ಎಂಬುದು ಅಮೆರಿಕ ಸರ್ಕಾರಕ್ಕೂ ಸಕಾಲದಲ್ಲಿ ತಿಳಿಯಲಿಲ್ಲ. ಅದು ಎಂದಿನಂತೆ ರಫ್ತಿಗೆ ಸಬ್ಸಿಡಿ ಕೊಡುತ್ತಲೇ ಇತ್ತು. ಹೀಗೆ ಒಂದು ಕೋಟಿ ಟನ್‌ಗೂ ಹೆಚ್ಚು ಗೋಧಿ ಬಿಕರಿಯಾಯಿತು. ಟೆಕ್ಸಾಸ್, ಓಕ್ಲಹೋಮಾ ಕಡೆಯ ರೈತರು ಮೊದಲು ಕೊಯ್ಲು ಮಾಡುವವರು. ಅವರಲ್ಲಿ ಎಷ್ಟೋ ಮಂದಿ ಸುದ್ದಿ ಹೊರಬೀಳುವ ಮುನ್ನವೇ ಹಳೆಯ ಅಗ್ಗದ ದರಕ್ಕೆ ಮಾರಿ ಕೈ ತೊಳೆದುಕೊಂಡಿದ್ದರು. ಮರುವರ್ಷದ ಹೊತ್ತಿಗೆ ಗೋಧಿಯ ಬೆಲೆ ಎರಡು ಪಟ್ಟು ದಾಟಿತ್ತು. ಬೆಳೆದವನಿಗೆ ದಕ್ಕಬೇಕಿದ್ದ ಹಣ ಸುದ್ದಿ ಗೊತ್ತಿದ್ದವರ ಪಾಲಾಯಿತು. ಇಲ್ಲಿ ತೂಕದಲ್ಲಿ ಮೋಸವಿರಲಿಲ್ಲ, ಕಾನೂನು ಮುರಿಯುವ ಅಗತ್ಯವೂ ಬೀಳಲಿಲ್ಲ. ನನಗೆ ಸಿಟ್ಟು ತರಿಸುವುದೇ ಅದು.

1973ರಲ್ಲಿ ಅಮೆರಿಕ ಒಂದು ಕಾಯ್ದೆ ತಂದಿತು. ರಫ್ತು ಮಾಡುವವರೆಲ್ಲ ವಾರವಾರ ತಮ್ಮ ಮಾರಾಟವನ್ನು ಕೃಷಿ ಇಲಾಖೆಗೆ ತಿಳಿಸಬೇಕು. ಇಲಾಖೆ ಯಾರ ಹೆಸರನ್ನೂ ಹೇಳದೆ ಒಟ್ಟು ಅಂಕಿಯನ್ನು ಪ್ರಕಟಿಸಬೇಕು. ಇದರಿಂದ ಕಾರ್ಗಿಲ್ ಮುಳುಗಲಿಲ್ಲ, ಇನ್ನಷ್ಟು ಬೆಳೆಯಿತು. 1999ರಲ್ಲಿ ಕಾಂಟಿನೆಂಟಲ್‌ನ ಕಾಳಿನ ವ್ಯಾಪಾರವನ್ನೇ ಕೊಂಡುಕೊಂಡಿತು.

ಮನೆತನದ ವ್ಯಾಪಾರದ ಪರವಾಗಿ ಹೇಳುವವರ ಮಾತಿನಲ್ಲಿ ತೂಕವಿದೆ. ಕಲಬುರಗಿಯ ಒಂದು ದಾಲ್ ಮಿಲ್ ಒಳಗೆ ಹೊಕ್ಕು ನೋಡಿದರೆ ಅದು ಅರ್ಥವಾಗುತ್ತದೆ. ಚೀಲದಿಂದ ಹಿಡಿ ತೊಗರಿ ತೆಗೆದು, ಒಂದು ಕಾಳನ್ನು ಹಲ್ಲಿನಲ್ಲಿ ಕಡಿದು, ಅದು ಒಡೆಯುವ ಸದ್ದಿನಲ್ಲೇ ಹಸಿ ಎಷ್ಟಿದೆ ಎಂದು ಹೇಳುವ ಹಿರಿಯರು ಅಲ್ಲಿದ್ದಾರೆ. ಕಾಳನ್ನು ಹಸನು ಮಾಡಿ, ಎಮರಿ ರೋಲರ್‌ಗೆ ಹಾಕಿ ಸಿಪ್ಪೆ ಗೀರಿಸಿ, ಎಣ್ಣೆ ಸವರಿ ರಾಶಿ ಹಾಕಿ, ಬಿಸಿಲಿಗೆ ಹರಡಿ, ನೀರು ಚಿಮುಕಿಸಿ, ಮತ್ತೆ ಒಣಗಿಸಿ ಒಡೆಯುವಷ್ಟರಲ್ಲಿ ದಿನಗಳೇ ಕಳೆಯುತ್ತವೆ. ಎಣ್ಣೆ ಹೆಚ್ಚಾದರೆ ಬೇಳೆ ಮಂಕು, ಒಣಗುವುದು ಕಡಿಮೆಯಾದರೆ ನುಚ್ಚು. ಈ ಹದ ಮಗನಿಗೆ ಅಪ್ಪನ ಪಕ್ಕದಲ್ಲಿ ನಿಂತೇ ಬರಬೇಕು. ಬರದ ವರ್ಷದಲ್ಲೂ ಅವರು ಊರು ಬಿಡುವುದಿಲ್ಲ. ಮಗಳ ಮದುವೆಗೆ, ಬಿತ್ತನೆಗೆ ಅಡತಿ ಅಂಗಡಿಯಿಂದ ಸಿಗುವ ಮುಂಗಡ ಯಾವ ಬ್ಯಾಂಕಿನಲ್ಲೂ ಅಷ್ಟು ಬೇಗ ಸಿಗದು. ನನಗೆ ಎಷ್ಟು ಮಾಲು ಬೇಕು ಎಂಬುದು ಪೇಟೆಗೆಲ್ಲ ಗೊತ್ತಾದರೆ ಸವಾಲಿನಲ್ಲಿ ನನ್ನ ಮೇಲೆಯೇ ದರ ಏರಿಸುತ್ತಾರೆ ಎಂಬ ಅವರ ಆತಂಕವೂ ನಿಜ. ಮಧ್ಯವರ್ತಿಗಳನ್ನೇ ಇಲ್ಲವಾಗಿಸಿ ಎನ್ನುವವರು ಈ ಕೆಲಸ ಯಾರು ಮಾಡಬೇಕೆಂದು ಒಮ್ಮೆಯೂ ಯೋಚಿಸಿದವರಲ್ಲ.

ಆದರೆ ಆ ಆತಂಕಕ್ಕೆ 1973ರ ಕಾಯ್ದೆಯಲ್ಲೇ ಉತ್ತರವಿದೆ: ಹೆಸರು ಗುಟ್ಟಾಗಿರಲಿ, ಮೊತ್ತ ಬಯಲಾಗಲಿ. ನಮ್ಮಲ್ಲಿ ನಡೆಯುತ್ತಿರುವುದು ಬೇರೆ. ತೊಗರಿಬೇಳೆ ದರ ಏರಿದೊಡನೆ ಕೇಂದ್ರ ಸರ್ಕಾರ ದಾಸ್ತಾನಿಗೆ ಮಿತಿ ಹೇರುತ್ತದೆ. 2023ರ ಜೂನ್‌ನಲ್ಲಿ ಸಗಟು ವ್ಯಾಪಾರಿಗೆ 200 ಟನ್, ಮಿಲ್‌ಗಳಿಗೆ ಮೂರು ತಿಂಗಳ ಉತ್ಪಾದನೆ ಅಥವಾ ವಾರ್ಷಿಕ ಸಾಮರ್ಥ್ಯದ ಶೇ 25, ಎರಡರಲ್ಲಿ ಹೆಚ್ಚಿನದು ಎಂದು ಗೆರೆ ಎಳೆಯಿತು. ತೊಗರಿ ಪೇಟೆಗೆ ಬರುವುದು ಮುಖ್ಯವಾಗಿ ಡಿಸೆಂಬರ್‌ನಿಂದ ಕೆಲವೇ ತಿಂಗಳು, ಬೇಳೆ ತಿನ್ನುವುದು ವರ್ಷವಿಡೀ. ಸುಗ್ಗಿಯಲ್ಲಿ ಕೊಂಡು ಇಟ್ಟುಕೊಳ್ಳುವುದು ಮಿಲ್ಲಿನವರ ಕಸುಬು. ಮಿತಿಯ ಭಯಕ್ಕೆ ಅವರು ಕೊಳ್ಳುವುದನ್ನು ನಿಲ್ಲಿಸಿದರೆ ಸುಗ್ಗಿಯಲ್ಲೇ ದರ ಕುಸಿದು ರೈತನ ಹೊಟ್ಟೆಗೆ ಹೊಡೆತ ಬೀಳುತ್ತದೆ.

ದಾಸ್ತಾನು ಎಷ್ಟೆಂದು ಘೋಷಿಸಬೇಕೆಂಬ ನಿಯಮ ಆ ಆದೇಶದಲ್ಲೂ ಇತ್ತು, ಅದಕ್ಕಾಗಿ ಪೋರ್ಟಲ್ ಕೂಡ ಇದೆ. ಅದನ್ನು ದರ ಏರಿದ ವರ್ಷದ ದಂಡನೆಯಾಗಿ ಬಳಸದೆ ಪ್ರತಿ ವರ್ಷದ ನಿಯಮ ಮಾಡಬೇಕು; ಮನೆತನದ ಮಿಲ್ಲಿಗೂ ಬಹುರಾಷ್ಟ್ರೀಯ ಕಂಪನಿಗೂ ಅದು ಒಂದೇ ಆಗಿರಬೇಕು. ಕಲಬುರಗಿ, ಯಾದಗಿರಿ, ಬೀದರ್‌ನ ಗೋದಾಮುಗಳಲ್ಲಿ ಒಟ್ಟು ಎಷ್ಟು ತೊಗರಿ ಇದೆ, ಹೊರದೇಶದಿಂದ ಎಷ್ಟು ಬರಲಿದೆ ಎಂಬ ಅಂಕಿ ವಾರವಾರ ಎಪಿಎಂಸಿಯ ದರ ಬರೆಯುವ ಹಲಗೆಯ ಮೇಲೇ ಕನ್ನಡದಲ್ಲಿ ಬೀಳಬೇಕು. ಜನವರಿಯಲ್ಲಿ ಇಪ್ಪತ್ತು ಚೀಲ ತಂದು ನಿಂತ ರೈತ ಹತ್ತನ್ನು ಇವತ್ತು ಮಾರಿ ಹತ್ತನ್ನು ಮನೆಗೆ ಒಯ್ಯಬೇಕೋ ಬೇಡವೋ ಎಂದು ತೀರ್ಮಾನಿಸುವುದಕ್ಕೆ ಮುಂಚೆ ಅದು ಅವನ ಕಣ್ಣಿಗೆ ಕಾಣಬೇಕು.