ತಂತ್ರಾಂಶ ಹೊಸದಾಗಲಿ, ಕನ್ನಡ ಅಳಿಯದಿರಲಿ



ಸೋಲಾಪುರ, ಅಕ್ಕಲಕೋಟ ಭಾಗದಲ್ಲಿ ಜಾಲತಾಣ ಮಾಡಿಸಿಕೊಂಡ, ಇಲ್ಲವೇ ಮಾಡಿಸಬೇಕೆಂದಿರುವ ಕನ್ನಡ ಶಾಲೆಗಳ ಪಾಲಕರಲ್ಲಿ ಒಂದು ವಿನಂತಿ. ಆ ತಾಣದ ತಂತ್ರಾಂಶವನ್ನು ನವೀಕರಿಸುವಾಗ, ಕನ್ನಡ ಓದಬಲ್ಲ ಒಬ್ಬರು ನೋಡಿ ಒಪ್ಪುವವರೆಗೆ ಅದು ಜನರೆದುರು ಬರಬಾರದು. ಇದು ಕೇವಲ ಗಣಕಯಂತ್ರದವರ ಮಾತಲ್ಲ, ನಮ್ಮ ಭಾಷೆಯ ಹಕ್ಕಿನ ಮಾತು.

ಪಠ್ಯಪುಸ್ತಕಗಳನ್ನು ಬಾಲಭಾರತಿ ಕನ್ನಡದಲ್ಲಿ ಅಚ್ಚು ಹಾಕಿ ಕೊಡುತ್ತದೆ. ಆದರೆ ಶಾಲೆಯ ಸೂಚನೆಗಳು, ಶಿಕ್ಷಕರು ತಯಾರಿಸಿದ ಅಭ್ಯಾಸದ ಹಾಳೆಗಳು, ಮಕ್ಕಳ ಬರಹಗಳು, ಹಳೆಯ ಸಮ್ಮೇಳನಗಳ ವರದಿಗಳು, ಇವನ್ನು ನಮಗಾಗಿ ಬೇರೆ ಯಾರೂ ಕಾದಿಡುವುದಿಲ್ಲ. ಅಳಿದರೆ ಅಳಿದೇ ಹೋದವು.

ಹಾಗಾದರೆ ತಂತ್ರಾಂಶವನ್ನು ಮುಟ್ಟದೇ ಬಿಟ್ಟರಾಯಿತಲ್ಲ ಎನ್ನುವವರಿದ್ದಾರೆ. ಅದು ಇನ್ನೂ ಅಪಾಯ. 2017ರ ಜನವರಿಯಲ್ಲಿ ವರ್ಡ್‌ಪ್ರೆಸ್ ತಂತ್ರಾಂಶದ ಒಂದು ದೋಷಕ್ಕೆ ತಿದ್ದುಪಡಿ ಬಂತು. ಅದನ್ನು ಹಾಕಿಕೊಳ್ಳದೆ ಉಳಿದ ತಾಣಗಳ ಲಕ್ಷಾಂತರ ಪುಟಗಳನ್ನು ಮುಂದಿನ ಕೆಲವೇ ವಾರಗಳಲ್ಲಿ ಕಿಡಿಗೇಡಿಗಳು ಕೆಡಿಸಿದರು. ಆದರೆ ಅವಸರವೂ ಒಳ್ಳೆಯದಲ್ಲ. 2020ರ ಆಗಸ್ಟಿನಲ್ಲಿ ಬಂದ ಅದೇ ತಂತ್ರಾಂಶದ 5.5ನೇ ಆವೃತ್ತಿಯಲ್ಲಿ ಒಂದು ಹಳೆಯ ಸಹಾಯಕ ಭಾಗವನ್ನು ಕೈಬಿಟ್ಟಿದ್ದರಿಂದ, ಅದನ್ನೇ ನಂಬಿದ್ದ ಅನೇಕ ತಾಣಗಳ ಕೆಲವು ಭಾಗಗಳು ನಿಂತುಹೋದವು. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ದೊಡ್ಡ ಸಂಸ್ಥೆ ಕಳಿಸಿದ ಒಂದು ದೋಷಪೂರಿತ ನವೀಕರಣದಿಂದ ಜಗತ್ತಿನ ಸುಮಾರು 85 ಲಕ್ಷ ಗಣಕಯಂತ್ರಗಳು ಕೆಟ್ಟು ನಿಂತವು. ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲೂ ಬೋರ್ಡಿಂಗ್ ಪಾಸ್ ಕೈಯಲ್ಲಿ ಬರೆದುಕೊಡಬೇಕಾಯಿತು. ಮೊದಲು ನಾಲ್ಕು ಕಡೆ ಪರೀಕ್ಷಿಸಿ, ಆಮೇಲೆ ಎಲ್ಲೆಡೆ ಹಾಕಬೇಕೆಂಬುದೇ ಇದರ ಪಾಠ.

ಈ ತೊಂದರೆ ಎಲ್ಲರಿಗೂ ಇದೆ. ಕನ್ನಡದ ತಾಣಕ್ಕೆ ಮಾತ್ರ ಇನ್ನೊಂದು ಹೆಚ್ಚಿನದಿದೆ. ತಾಣ ನೋಡಿಕೊಳ್ಳುವ ತಂತ್ರಜ್ಞರಿಗೆ ಕನ್ನಡ ಬರದಿದ್ದರೆ, ಸರಿಯಾದ ಕನ್ನಡವೂ ಕೆಟ್ಟ ಕನ್ನಡವೂ ಅವರ ಕಣ್ಣಿಗೆ ಒಂದೇ. ಒತ್ತಕ್ಷರ ಜಾರಿದರೆ ಅವರಿಗೆ ಹೇಗೆ ತಿಳಿಯಬೇಕು? ತಪ್ಪು ಅವರದಲ್ಲ, ನೋಡಬೇಕಾದವರು ನಾವು.

ಕನ್ನಡ ಕೆಡುವ ಬಗೆಗಳು ಮುಖ್ಯವಾಗಿ ಮೂರು. ಅಕ್ಷರಗಳ ಬದಲು ಚೌಕಗಳು ಕಂಡರೆ ಸಾಮಾನ್ಯವಾಗಿ ಫಾಂಟ್ ಸಿಗುತ್ತಿಲ್ಲವೆಂದು ಅರ್ಥ, ಬರಹ ಕ್ಷೇಮವಾಗಿರುತ್ತದೆ. ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಕಂಡರೆ, ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಬೆರಳಚ್ಚು ಮಾಡಿದ ಪುಟವಿರಬಹುದು. ಅದನ್ನು ಯೂನಿಕೋಡಿಗೆ ಪರಿವರ್ತಿಸಬಹುದು. ಸಾಲುಸಾಲು ಪ್ರಶ್ನಾರ್ಥಕ ಚಿಹ್ನೆಗಳು ಕಂಡರೆ ಮಾತ್ರ ಎಚ್ಚರ! ದತ್ತಸಂಗ್ರಹದಲ್ಲಿಯೇ ಅಕ್ಷರಗಳು ಹಾಗೆ ಉಳಿದುಬಿಟ್ಟಿದ್ದರೆ ಮೂಲ ಬರಹ ಹೋದಂತೆಯೇ. ಆಗ ಕಾಯುವುದು ಮೊದಲೇ ತೆಗೆದಿಟ್ಟ ನಕಲು ಪ್ರತಿ ಒಂದೇ.

ಆದ್ದರಿಂದ ನವೀಕರಣಕ್ಕೆ ಮುನ್ನ ಪಾಲಕರು ಈ ನಾಲ್ಕು ಪ್ರಶ್ನೆ ಕೇಳಲಿ.

1. ಪೂರ್ಣ ನಕಲು ತೆಗೆದಿದ್ದೀರಾ? ಚಿತ್ರಗಳಿರುವ ಕಡತಗಳಷ್ಟೇ ಸಾಲದು, ಬರಹವಿರುವ ದತ್ತಸಂಗ್ರಹವೂ ಬೇಕು. ಒಂದು ಪ್ರತಿ ಶಾಲೆಯ ಕಪಾಟಿನಲ್ಲಿರಲಿ.

2. ಆ ನಕಲಿನಿಂದ ತಾಣವನ್ನು ಬೇರೆ ಕಡೆ ಎಬ್ಬಿಸಿ ನೋಡಿದ್ದೀರಾ? ಹೊಸ ಆವೃತ್ತಿಯ ಪ್ರಯೋಗ ಅಲ್ಲಿಯೇ ನಡೆಯಲಿ.

3. ಅಲ್ಲಿ ಕನ್ನಡ ಓದಿ ನೋಡಿದವರು ಯಾರು? ‘ಅಕ್ಕಲಕೋಟ’, ‘ವರ್ಗ’, ‘ಶಾಸ್ತ್ರ’ ಇಂಥ ಶಬ್ದಗಳಲ್ಲಿ ಒತ್ತಕ್ಷರ, ಅರ್ಕಾವತ್ತು ಸರಿಯಾಗಿವೆಯೇ? ಹಳೆಯ ಪುಟ ಒಂದು, ಹೊಸ ಪುಟ ಒಂದು, ಮೊಬೈಲಿನಲ್ಲೂ ನೋಡಬೇಕು.

4. ಪಾಸ್‌ವರ್ಡ್ ಮತ್ತು ತಾಣದ ಹೆಸರಿನ ನೋಂದಣಿ ಯಾರ ಕೈಯಲ್ಲಿವೆ? ಅವು ಶಾಲೆಯ ಹೆಸರಿನಲ್ಲಿರಬೇಕು, ತಂತ್ರಜ್ಞರ ಹೆಸರಿನಲ್ಲಲ್ಲ.

ಪ್ರವೇಶದ ಅಥವಾ ಫಲಿತಾಂಶದ ದಿನಗಳಲ್ಲಿ ದೊಡ್ಡ ಬದಲಾವಣೆ ಬೇಡ. ಸುರಕ್ಷತೆಯ ಸಣ್ಣ ತಿದ್ದುಪಡಿಗಳನ್ನು ಮಾತ್ರ ತಡಮಾಡದೆ ಹಾಕಬೇಕು.

ಇದನ್ನು ಕೇಳುವ ಅಧಿಕಾರ ನಮಗಿದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯಂತೆ ಜಿಲ್ಲಾ ಪರಿಷತ್ತಿನ ಶಾಲೆಗಳ ವ್ಯವಸ್ಥಾಪನ ಸಮಿತಿಯಲ್ಲಿ ಮುಕ್ಕಾಲು ಪಾಲು ಸದಸ್ಯರು ಪಾಲಕರೇ ಇರಬೇಕು. ಖಾಸಗಿ ಶಾಲೆಗಳಲ್ಲಿ ಪಾಲಕರ ಸಭೆಯಲ್ಲಿ ಕೇಳಬಹುದು. ಕನ್ನಡ ಪುಟ ಓದಿ ನೋಡಲು ಗಣಕ ವಿದ್ಯೆ ಬೇಕಿಲ್ಲ. ಏಳನೇ ಇಯತ್ತೆಯ ಮಗುವೂ ನೋಡಬಲ್ಲದು.

ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣದ ಸೌಕರ್ಯ ಒದಗಿಸಬೇಕೆಂದು ಸಂವಿಧಾನದ 350-ಎ ವಿಧಿ ಹೇಳುತ್ತದೆ. ಆದರೆ ನಮ್ಮ ಅಕ್ಷರಗಳು ಪ್ರಶ್ನಾರ್ಥಕ ಚಿಹ್ನೆಗಳಾಗದಂತೆ ಕಾಯುವ ಕೆಲಸವನ್ನು ಯಾವ ವಿಧಿಯೂ ಮಾಡಿಕೊಡದು. ಊರು ಸೂರೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರೆ ಏನು ಬಂತು? ಮುಂದಿನ ಸಭೆಯಲ್ಲಿಯೇ ನಕಲು ಪ್ರತಿಯ ವಿಷಯ ಎತ್ತಿರಿ.