ಹವ್ಯಾಸಿಯ ನೇರ ಖರೀದಿ: ದೋಷ ಎಲ್ಲಿದೆ?

ಬೆಂಗಳೂರಿನ ಎಸ್.ಪಿ. ರಸ್ತೆಯ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಒಂದು ದೂರು ಬಹಳ ದಿನಗಳಿಂದ ಕೇಳಿಬರುತ್ತಿದೆ. ಎಂಜಿನಿಯರಿಂಗ್ ವಿದ್ಯಾರ್ಥಿಯೋ, ರಜೆಯ ದಿನ ರೋಬೋಟ್ ಕಟ್ಟುವ ಉದ್ಯೋಗಸ್ಥನೋ ಅಂಗಡಿಗೆ ಬರುತ್ತಾನೆ. ಯಾವ ಮೋಟಾರು ಎಷ್ಟು ಭಾರ ಎತ್ತುತ್ತದೆ, ಯಾವ ಸೆನ್ಸರಿಗೆ ಎಷ್ಟು ವೋಲ್ಟ್ ಬೇಕು ಎಂದು ಅರ್ಧ ಗಂಟೆ ವಿಚಾರಿಸುತ್ತಾನೆ. ಬೆಲೆ ಕೇಳುತ್ತಾನೆ. ‘ಆಮೇಲೆ ಬರ್ತೀನಿ’ ಎಂದು ಹೊರಡುತ್ತಾನೆ. ಅದೇ ಸಂಜೆ ಅದೇ ಸಾಮಗ್ರಿಗಾಗಿ ಚೀನಾದ ಷೆನ್‌ಜೆನ್ ನಗರದ ತಯಾರಕನಿಗೆ ನೇರವಾಗಿ ಹಣ ಕಳುಹಿಸುತ್ತಾನೆ. ಕೆಲವು ವಾರಗಳ ನಂತರ ಬಂದ ವಸ್ತು ಕೆಲಸ ಮಾಡದಿದ್ದರೆ ಪುನಃ ಅದೇ ಅಂಗಡಿಯ ಮೆಟ್ಟಿಲು ಹತ್ತುತ್ತಾನೆ.

ಇದನ್ನು ಹೇಳುವಾಗ ವರ್ತಕನ ಧ್ವನಿಯಲ್ಲಿ ವ್ಯಾಪಾರ ತಪ್ಪಿದ ನೋವಿಗಿಂತ ಮೋಸಹೋದ ನೋವೇ ಹೆಚ್ಚು. ಇತ್ತ ಗ್ರಾಹಕನ ವಾದವೂ ಸಿದ್ಧವಾಗಿದೆ: ನೂರು ರೂಪಾಯಿಯ ಮಾಲಿಗೆ ಇನ್ನೂರು ಕೇಳುವವನಿಗೆ ತಾನೇಕೆ ಋಣಿಯಾಗಿರಬೇಕು? ಇಬ್ಬರೂ ನೀತಿಯ ಮಾತನ್ನೇ ಆಡುತ್ತಿದ್ದಾರೆ. ಆದ್ದರಿಂದ ಇದನ್ನು ಕೇವಲ ಪೈಪೋಟಿಯ ಪ್ರಶ್ನೆಯೆಂದು ತಳ್ಳಿಹಾಕಲಾಗದು.

ಮೊದಲು ಒಂದು ಮಾತನ್ನು ನೇರವಾಗಿ ಒಪ್ಪಿಕೊಳ್ಳಬೇಕು. ಮಧ್ಯವರ್ತಿಯನ್ನು ಬಿಟ್ಟು ತಯಾರಕನಿಂದಲೇ ಕೊಳ್ಳುವುದು ಸ್ವತಃ ಅನೀತಿಯಲ್ಲ. ಷೆನ್‌ಜೆನ್‌ನ ಹುವಾಚಿಯಾಂಗ್‌ಬೇ ಮಾರುಕಟ್ಟೆಗೆ ಸ್ವತಃ ಹೋಗಿ ಸರಕು ಆರಿಸಿ ತರುವ ವರ್ತಕರು ನಮ್ಮ ನಡುವೆಯೇ ಇದ್ದಾರೆ. ಒಂದು ಕಾಲಕ್ಕೆ ಮುಂಬಯಿಯ ಲ್ಯಾಮಿಂಗ್ಟನ್ ರಸ್ತೆಯ ಸಗಟು ವ್ಯಾಪಾರಿಗಳಿಂದ ಕೊಳ್ಳುತ್ತಿದ್ದವರು ಅವರನ್ನು ದಾಟಿ ಮುಂದೆ ಹೋದಾಗ ಅದನ್ನು ಯಾರೂ ದ್ರೋಹವೆಂದು ಕರೆಯಲಿಲ್ಲ; ವ್ಯವಹಾರ ಜಾಣ್ಮೆ ಎಂದರು. ಅದೇ ಹೆಜ್ಜೆಯನ್ನು ಹವ್ಯಾಸಿ ಇಟ್ಟರೆ ಹೆಸರು ಬದಲಾಗಬಾರದು.

ಹಾಗಾದರೆ ನೂರಕ್ಕೆ ಇನ್ನೂರು ಎಂಬ ಆರೋಪ? ಇದನ್ನು ಲೆಕ್ಕ ಹಾಕಿ ನೋಡುವುದು ಉಚಿತ. ಕಾರ್ಖಾನೆಯ ಬೆಲೆ 100 ರೂಪಾಯಿ, ಸಾಗಣೆ ಮತ್ತು ವಿಮೆ 10 ರೂಪಾಯಿ ಎಂದಿಟ್ಟುಕೊಳ್ಳೋಣ. ಸುಂಕ ವಿಧಿಸುವ ಮೌಲ್ಯ 110. ಮೂಲ ಸುಂಕ ಶೇ. 10 ಎಂದಾದರೆ 11 ರೂಪಾಯಿ. ಆ ಸುಂಕದ ಮೇಲೆ ಶೇ. 10 ಸಮಾಜ ಕಲ್ಯಾಣ ಮೇಲ್ತೆರಿಗೆ 1.10 ರೂಪಾಯಿ. ಆಮದಿನ ವೇಳೆ ತೆತ್ತ ಜಿಎಸ್‌ಟಿ ವರ್ತಕನಿಗೆ ಜಮೆಯಾಗಿ ಹಿಂತಿರುಗುವುದರಿಂದ ಅದನ್ನು ಬಿಟ್ಟರೆ ಅವನಿಗೆ ಬೀಳುವ ವೆಚ್ಚ 122.10. ಅದರ ಮೇಲೆ ಶೇ. 30 ಸೇರಿಸಿದರೆ 158.73. ಶೇ. 18 ಜಿಎಸ್‌ಟಿ ಸೇರಿ ಗ್ರಾಹಕ ಕೊಡುವುದು 187.30 ರೂಪಾಯಿ. ಕಾರ್ಖಾನೆಯ ಬೆಲೆಗಿಂತ 87.30 ಹೆಚ್ಚು. ಅದರಲ್ಲಿ 10 ರೂಪಾಯಿ ಸಾಗಣೆಗೆ, 40.67 ರೂಪಾಯಿ ಸುಂಕ ಮತ್ತು ತೆರಿಗೆಯಾಗಿ ಬೊಕ್ಕಸಕ್ಕೆ. ಅಂಗಡಿಗೆ ಉಳಿಯುವುದು 36.63.

ಈ 36.63 ರೂಪಾಯಿಯಲ್ಲೇ ಬಾಡಿಗೆ, ವಿದ್ಯುತ್ತು, ನೌಕರರ ಸಂಬಳ, ದಾಸ್ತಾನಿನಲ್ಲಿ ಸಿಲುಕಿದ ಹಣದ ಬಡ್ಡಿ ಹೊರಡಬೇಕು. ಹವ್ಯಾಸ ಸಾಮಗ್ರಿಯ ವ್ಯಾಪಾರದಲ್ಲಿ ಇನ್ನೊಂದು ತೊಡಕುಂಟು. ಇಲ್ಲಿ ಒಂದು ಮಾಲು ನೂರಾರು ಸಂಖ್ಯೆಯಲ್ಲಿ ಹೋಗುವುದಿಲ್ಲ. ನೂರಾರು ಬಗೆಯ ಮಾಲು ಒಂದೊಂದಾಗಿ ಹೋಗುತ್ತದೆ. ಹೊಸ ಮಾದರಿ ಬಂದ ದಿನ ಹಳೆಯ ಬೋರ್ಡುಗಳು ಕಪಾಟಿನಲ್ಲೇ ಮುಪ್ಪಾಗುತ್ತವೆ. ದಿನಸಿ ಅಂಗಡಿಯ ಲಾಭಾಂಶದೊಡನೆ ಇದನ್ನು ಹೋಲಿಸುವುದು ಅನ್ಯಾಯ.

ಅಂದರೆ ಬೆಲೆಯ ಅಂತರದಲ್ಲಿ ದೊಡ್ಡ ಪಾಲು ವರ್ತಕನ ಲಾಭವಲ್ಲ, ತೆರಿಗೆ. ನೇರವಾಗಿ ತರಿಸಿಕೊಂಡವನು ಅದನ್ನು ತೆತ್ತನೇ ಎಂಬುದೇ ಇಲ್ಲಿನ ನಿಜವಾದ ನೀತಿಯ ಪ್ರಶ್ನೆ.

ಬಹಳ ಕಾಲ ಅನೇಕರು ತೆರಲಿಲ್ಲ. ವಿದೇಶದಿಂದ ಬರುವ ನೈಜ ಉಡುಗೊರೆಗಳಿಗೆ ನಿರ್ದಿಷ್ಟ ಬೆಲೆಯವರೆಗೆ ಸುಂಕ ವಿನಾಯಿತಿ ಇತ್ತು. ಹೊರನಾಡಿನಲ್ಲಿರುವ ಮಗನೋ ಮಗಳೋ ಮನೆಗೆ ಕಳುಹಿಸುವ ವಸ್ತುವಿಗೆಂದು ಇದ್ದ ಆ ಸೌಲಭ್ಯವನ್ನು ಮಾರಾಟಗಾರರು ಧಾರಾಳವಾಗಿ ಬಳಸಿಕೊಂಡರು. ಹಣ ಕೊಟ್ಟು ಕೊಂಡ ಸರಕಿನ ಮೇಲೆ ‘ಉಡುಗೊರೆ’ ಎಂಬ ಚೀಟಿ ಅಂಟಿತು. 2019ರ ಡಿಸೆಂಬರ್‌ನಲ್ಲಿ ವಿದೇಶ ವ್ಯಾಪಾರ ಮಹಾನಿರ್ದೇಶನಾಲಯವು ಅಂಚೆ ಮತ್ತು ಕೊರಿಯರ್ ಮೂಲಕ ಉಡುಗೊರೆಯ ಹೆಸರಿನಲ್ಲಿ ಸುಂಕವಿಲ್ಲದೆ ಸರಕು ಬರುವುದನ್ನು ನಿಲ್ಲಿಸಿತು. ಜೀವರಕ್ಷಕ ಔಷಧಿ ಮತ್ತು ರಾಖಿಗೆ ಮಾತ್ರ ವಿನಾಯಿತಿ ಉಳಿಯಿತು. ಮರುವರ್ಷ, 2020ರ ನವೆಂಬರ್‌ನಲ್ಲಿ, ಕೇಂದ್ರ ಸರ್ಕಾರ ನಿರ್ಬಂಧಿಸಿದ 43 ಆ್ಯಪ್‌ಗಳಲ್ಲಿ ಹವ್ಯಾಸಿಗಳ ಅಚ್ಚುಮೆಚ್ಚಿನ ಅಲಿಎಕ್ಸ್‌ಪ್ರೆಸ್ ಕೂಡ ಸೇರಿತ್ತು. ಒಂದು ಬಾಗಿಲು ಮುಚ್ಚಿದರೂ ತಯಾರಕರಿಂದ ನೇರವಾಗಿ ಕೊಳ್ಳುವ ಅಭ್ಯಾಸ ಮುಚ್ಚಲಿಲ್ಲ. ಸ್ವಂತ ಬಳಕೆಯ ಆಮದಿಗೆ ಸುಂಕ ಪಟ್ಟಿಯಲ್ಲಿ 9804 ಎಂಬ ಪ್ರತ್ಯೇಕ ಶೀರ್ಷಿಕೆಯೇ ಇದೆ. ಅದರ ದರ ಬಜೆಟ್‌ಗಳಲ್ಲಿ ಬದಲಾಗುತ್ತ ಬಂದಿದೆ. ನಿಜವಾದ ಬೆಲೆ ತೋರಿಸಿ, ಆಗಿರುವ ಸುಂಕ ಕಟ್ಟಿ ತರಿಸಿಕೊಳ್ಳುವ ಹವ್ಯಾಸಿಯ ಮೇಲೆ ಯಾವ ವರ್ತಕನಿಗೂ ನೈತಿಕ ಹಕ್ಕಿಲ್ಲ. ಆದರೆ ಎರಡು ಸಾವಿರದ ಸರಕಿಗೆ ಇನ್ನೂರು ಎಂದು ಬರೆಯಿರಿ ಎಂದು ಮಾರಾಟಗಾರನನ್ನು ಕೋರುವವನು ಪಕ್ಕದ ಅಂಗಡಿಯವನ ಜೇಬಿನಿಂದಲೇ ರಿಯಾಯಿತಿ ಪಡೆಯುತ್ತಿದ್ದಾನೆ. ಕಸ್ಟಮ್ಸ್ ಕಾಯ್ದೆ 1962ರ 111 ಮತ್ತು 112ನೇ ಕಲಮುಗಳು ಇಂಥ ಸುಳ್ಳು ಘೋಷಣೆಗೆ ಮುಟ್ಟುಗೋಲು ಮತ್ತು ದಂಡ ವಿಧಿಸುತ್ತವೆ ಎಂಬುದು ಬೇರೆ ಮಾತು.

ಅಂಚೆಯ ದರದಲ್ಲೂ ಅಸಮಾನತೆಯಿತ್ತು. ವಿಶ್ವ ಅಂಚೆ ಒಕ್ಕೂಟದ ಹಳೆಯ ವ್ಯವಸ್ಥೆಯಲ್ಲಿ ಚೀನಾದಿಂದ ಬರುವ ಸಣ್ಣ ಪೊಟ್ಟಣವನ್ನು ಹಂಚುವುದಕ್ಕೆ ಅಮೆರಿಕದ ಅಂಚೆಗೆ ಸಿಗುತ್ತಿದ್ದ ಸಂಭಾವನೆ ತೀರ ಕಡಿಮೆ. ಅಲ್ಲಿನ ವರ್ತಕರು ತಮ್ಮದೇ ದೇಶದೊಳಗೆ ಕಳುಹಿಸಲು ಅದಕ್ಕಿಂತ ಹೆಚ್ಚು ತೆರುತ್ತಿದ್ದರು. 2019ರಲ್ಲಿ ಜಿನೀವಾದಲ್ಲಿ ನಡೆದ ವಿಶೇಷ ಅಧಿವೇಶನದಲ್ಲಿ ಈ ದರಗಳ ಪರಿಷ್ಕರಣೆಗೆ ದಾರಿಯಾಯಿತು. 800 ಡಾಲರ್‌ವರೆಗಿನ ಪೊಟ್ಟಣಗಳಿಗೆ ಇದ್ದ ಸುಂಕ ವಿನಾಯಿತಿಯನ್ನೂ ಅಮೆರಿಕ 2025ರಲ್ಲಿ ಹಿಂತೆಗೆದುಕೊಂಡಿತು. ಸಣ್ಣ ಪೊಟ್ಟಣಗಳ ಬಗೆಗಿನ ವರ್ತಕರ ಅಳಲು ಎಸ್.ಪಿ. ರಸ್ತೆಗೆ ಮಾತ್ರ ಸೀಮಿತವಲ್ಲ.

ತೆರಿಗೆಯ ನಷ್ಟ ಹಣದಿಂದ ತುಂಬಿಕೊಡಬಹುದಾದುದು. ಸುಳ್ಳು ಚೀಟಿಯಿಂದ ಆಗುವ ಎಲ್ಲ ನಷ್ಟವೂ ಹಾಗಲ್ಲ. ರಿಮೋಟ್ ಚಾಲಿತ ವಿಮಾನ, ಕಾರು, ಡ್ರೋನ್ ಹವ್ಯಾಸಿಗಳಿಗೆ ಬೇಕಾದ ಲಿಥಿಯಂ ಬ್ಯಾಟರಿಗಳು ವಾಯುಸಾರಿಗೆಯ ನಿಯಮಗಳಲ್ಲಿ ಅಪಾಯಕಾರಿ ಸರಕು. 2016ರ ಏಪ್ರಿಲ್‌ನಿಂದ ಬಿಡಿಯಾದ ಲಿಥಿಯಂ ಅಯಾನ್ ಬ್ಯಾಟರಿಗಳನ್ನು ಪ್ರಯಾಣಿಕ ವಿಮಾನಗಳಲ್ಲಿ ಸರಕಾಗಿ ಸಾಗಿಸುವಂತಿಲ್ಲ. ಇಂಥ ಸರಕಿನ ಮೇಲೆ ‘ಪ್ಲಾಸ್ಟಿಕ್ ಆಟಿಕೆ’ ಎಂದು ಬರೆದು ಕಳುಹಿಸುವ ಮಾರಾಟಗಾರನನ್ನು ‘ಜಾಣ’ ಎಂದು ಹೊಗಳುವವರೂ ಇದ್ದಾರೆ. 2010ರ ಸೆಪ್ಟೆಂಬರ್ 3ರಂದು ದುಬೈ ಬಳಿ ಸರಕು ವಿಮಾನವೊಂದು ಆಕಾಶದಲ್ಲೇ ಬೆಂಕಿ ಹೊತ್ತಿ ನೆಲಕ್ಕಪ್ಪಳಿಸಿತು. ಇಬ್ಬರು ಪೈಲಟ್‌ಗಳೂ ಸತ್ತರು. ಹಾಂಗ್‌ಕಾಂಗ್‌ನಿಂದ ಬಂದ ಆ ಸರಕಿನಲ್ಲಿ ಲಿಥಿಯಂ ಬ್ಯಾಟರಿಗಳಿದ್ದವು. ಅವುಗಳಲ್ಲಿ ಕೆಲವನ್ನು ಅಪಾಯಕಾರಿ ಸರಕೆಂದು ಘೋಷಿಸಬೇಕಾಗಿತ್ತು, ಘೋಷಿಸಿರಲಿಲ್ಲ ಎಂದು ತನಿಖೆ ಕಂಡುಕೊಂಡಿತು. ಮುನ್ನೂರು ರೂಪಾಯಿ ಉಳಿಸಲು ಸುಳ್ಳು ವಿವರಕ್ಕೆ ಒಪ್ಪಿಗೆ ಕೊಡುವ ಹವ್ಯಾಸಿಗೆ ಆ ಪೈಲಟ್‌ಗಳ ಪರಿಚಯವಿರುವುದಿಲ್ಲ. ಅವನು ಕೆಟ್ಟವನಲ್ಲ, ಪೊಟ್ಟಣ ಯಾವ ವಿಮಾನದ ಹೊಟ್ಟೆಯಲ್ಲಿ ಬರುತ್ತದೆ ಎಂದು ಯೋಚಿಸಿದವನಲ್ಲ, ಅಷ್ಟೆ.

ನಕಲಿ ಮಾಲಿನ ವಿಚಾರ ಇಷ್ಟು ಸರಳವಲ್ಲ. 2005ರಲ್ಲಿ ಇಟಲಿಯ ಇವ್ರಿಯಾದಲ್ಲಿ ಹುಟ್ಟಿದ ಆರ್ಡುಯಿನೊ ಬೋರ್ಡು ಇಂದು ನಮ್ಮ ಕಾಲೇಜುಗಳ ಪ್ರಯೋಗಾಲಯಗಳಲ್ಲೆಲ್ಲ ಕಾಣಸಿಗುತ್ತದೆ. ಅದನ್ನು ರೂಪಿಸಿದವರೇ ಅದರ ನಕ್ಷೆಯನ್ನು ಎಲ್ಲರಿಗೂ ಮುಕ್ತವಾಗಿ ಕೊಟ್ಟಿದ್ದಾರೆ. ಆದ್ದರಿಂದ ಚೀನಾದ ಕಾರ್ಖಾನೆ ಅದೇ ನಕ್ಷೆಯ ಬೋರ್ಡನ್ನು ತನ್ನ ಹೆಸರಿನಲ್ಲಿ ಮಾಡಿ ಮಾರಿದರೆ ಅದು ಕಳವಲ್ಲ. ಆರ್ಡುಯಿನೊ ಎಂಬ ಹೆಸರು ಮತ್ತು ಲಾಂಛನವನ್ನು ಅನುಮತಿಯಿಲ್ಲದೆ ಮುದ್ರಿಸಿದರೆ ಮಾತ್ರ ಅದು ಖೋಟಾ. ಇವೆರಡರ ಭೇದ ತಿಳಿಯದೆ ಅಗ್ಗದ ಬೋರ್ಡನ್ನೆಲ್ಲ ‘ಡೂಪ್ಲಿಕೇಟ್’ ಎಂದು ಜರೆಯುವ ಅಂಗಡಿಯವರ ಗಾಜಿನ ಕಪಾಟಿನಲ್ಲೇ ಖೋಟಾ ಲಾಂಛನದ ಬೋರ್ಡುಗಳು ಕುಳಿತಿರುವುದುಂಟು.

ಖೋಟಾ ಮಾಲಿನ ಪೆಟ್ಟು ಯಾರ ಮೇಲೆ ಬೀಳುತ್ತದೆ ಎಂಬುದಕ್ಕೆ 2014ರ ಪ್ರಸಂಗವೊಂದು ಸಾಕು. ಕಂಪ್ಯೂಟರಿನ ಯುಎಸ್‌ಬಿ ಕಿಂಡಿಗೆ ಬೋರ್ಡನ್ನು ಜೋಡಿಸುವ ಚಿಪ್ ತಯಾರಿಸುವ ಸ್ಕಾಟ್ಲೆಂಡಿನ ಎಫ್‌ಟಿಡಿಐ ಕಂಪನಿ ತನ್ನ ಹೆಸರಿನ ಖೋಟಾ ಚಿಪ್‌ಗಳಿಂದ ಬೇಸತ್ತು ಹೊಸ ಡ್ರೈವರ್ ತಂತ್ರಾಂಶ ಹೊರತಂದಿತು. ಅದು ವಿಂಡೋಸ್ ಪರಿಷ್ಕರಣೆಯೊಡನೆ ಕಂಪ್ಯೂಟರುಗಳನ್ನು ಸೇರಿ, ಖೋಟಾ ಚಿಪ್ ಕಂಡಲ್ಲಿ ಅದರ ಗುರುತಿನ ಸಂಖ್ಯೆಯನ್ನೇ ಸೊನ್ನೆ ಮಾಡಿತು. ಚಿಪ್ ಖೋಟಾ ಎಂಬ ಅರಿವೇ ಇಲ್ಲದೆ ಕೊಂಡಿದ್ದವರ ಉಪಕರಣಗಳು ನಿಂತುಹೋದವು. ಭಾರಿ ಆಕ್ಷೇಪ ಬಂದ ಮೇಲೆ ಕಂಪನಿ ಆ ಡ್ರೈವರನ್ನು ಹಿಂತೆಗೆದುಕೊಂಡಿತು. ಖೋಟಾ ಮಾಡಿದವನಿಗೆ ಅಂದು ಕೂದಲೂ ಕೊಂಕಲಿಲ್ಲ. ನಷ್ಟವಾದದ್ದು ಹವ್ಯಾಸಿಗೆ, ಮತ್ತು ಅವನಿಗೆ ಉತ್ತರ ಹೇಳಬೇಕಾಗಿ ಬಂದ ಚಿಲ್ಲರೆ ವರ್ತಕನಿಗೆ.

ಈ ಉತ್ತರ ಹೇಳುವ ಹೊಣೆಯಲ್ಲೇ ವರ್ತಕನ 36.63 ರೂಪಾಯಿಯ ಸಮರ್ಥನೆ ಇರುವುದು. ಸಾವಿರಾರು ಮೈಲಿ ದೂರದ ತಯಾರಕನನ್ನು ಇಲ್ಲಿನ ಗ್ರಾಹಕ ಆಯೋಗದ ಮುಂದೆ ನಿಲ್ಲಿಸುವುದು ಹವ್ಯಾಸಿಗೆ ಆಗದ ಮಾತು. ಬೀದಿ ತುದಿಯ ಅಂಗಡಿಯವನನ್ನು ನಿಲ್ಲಿಸಬಹುದು. ಆದರೆ ಎಷ್ಟು ಅಂಗಡಿಗಳು ಆ ಹೊಣೆ ಹೊರುತ್ತಿವೆ? ಬಿಲ್ಲಿನ ಕೆಳಗೆ ‘ಮಾರಿದ ಮಾಲನ್ನು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ’ ಎಂಬ ಸಾಲು ಇಂದಿಗೂ ಮುದ್ರಿತವಾಗುತ್ತಿದೆ. ದೋಷವಿರುವ ಸರಕನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹೇಳದಿದ್ದರೆ 30 ದಿನಗಳೊಳಗೆ, ಹಿಂಪಡೆಯಲು ನಿರಾಕರಿಸುವುದು ಗ್ರಾಹಕ ಸಂರಕ್ಷಣಾ ಕಾಯ್ದೆ 2019ರ ಪ್ರಕಾರ ಅನುಚಿತ ವ್ಯಾಪಾರ ಪದ್ಧತಿ. ಬಿಲ್ಲೇ ಕೊಡದ ಅಂಗಡಿಗಳ ಮಾತಂತೂ ಬೇಡ. ‘ಚೆಕ್ ಮಾಡ್ಕೊಂಡು ತಗೊಳ್ಳಿ, ಹೋದ್ರೆ ನಮ್ಮ ಜವಾಬ್ದಾರಿ ಅಲ್ಲ’ ಎನ್ನುವವನಿಗೂ ಷೆನ್‌ಜೆನ್‌ನ ಅಪರಿಚಿತ ಮಾರಾಟಗಾರನಿಗೂ ಗ್ರಾಹಕನ ದೃಷ್ಟಿಯಲ್ಲಿ ಉಳಿಯುವ ವ್ಯತ್ಯಾಸ ಬೆಲೆಯೊಂದೇ. ಆ ಪಂದ್ಯದಲ್ಲಿ ಅಂಗಡಿಯವನು ಗೆಲ್ಲಲಾರ.

ಕಡಿಮೆ ಬೆಲೆ ತೋರಿಸುವ ರೋಗ ಹವ್ಯಾಸಿಗಳಿಗೆ ಮಾತ್ರ ಅಂಟಿದ್ದೂ ಅಲ್ಲ. ಕಂಟೇನರ್‌ಗಟ್ಟಲೆ ಸರಕು ತರುವವರಲ್ಲಿ ಕೆಲವರು ಒಂದು ಇನ್‌ವಾಯ್ಸ್ ಸುಂಕದವರಿಗೆ, ಇನ್ನೊಂದು ತಮ್ಮ ಖಾತೆಗೆ ಎಂದು ಇಟ್ಟುಕೊಳ್ಳುವುದು ವ್ಯಾಪಾರ ವಲಯದಲ್ಲಿ ಯಾರಿಗೂ ತಿಳಿಯದ ಗುಟ್ಟಲ್ಲ. ಅದರಿಂದ ಮೊದಲು ಪೆಟ್ಟು ತಿನ್ನುವವನು ಪಕ್ಕದ ಮಳಿಗೆಯ ಪ್ರಾಮಾಣಿಕ ಆಮದುದಾರ. ಒಬ್ಬ ವಿದ್ಯಾರ್ಥಿಯ ಪೊಟ್ಟಣಕ್ಕಿಂತ ಅಂಥ ಒಂದು ಕಂಟೇನರ್ ಅವನ ವ್ಯಾಪಾರವನ್ನು ಹೆಚ್ಚು ಕೊರೆಯುತ್ತದೆ. ಸಂಘಸಂಸ್ಥೆಗಳ ಮನವಿ ಪತ್ರಗಳಲ್ಲಿ ಪೊಟ್ಟಣದ ಬಗ್ಗೆ ಬಹಳಷ್ಟು ಬರೆದು ಕಂಟೇನರ್ ಬಗ್ಗೆ ಮೌನವಾಗಿದ್ದರೆ ಅಧಿಕಾರಿಗಳು ಅವನ್ನು ಗಂಭೀರವಾಗಿ ಪರಿಗಣಿಸುವ ಸಂಭವ ಕಡಿಮೆ.

ಇನ್ನು ಸಣ್ಣ ಕೈಗಾರಿಕೆಗಳ ಮಾಲೀಕರಿಗೆ ಸಂಬಂಧಿಸಿದ ಒಂದು ವಿಷಯವಿದೆ. ಪೀಣ್ಯದಲ್ಲಾಗಲಿ ಹುಬ್ಬಳ್ಳಿಯಲ್ಲಾಗಲಿ, ಹೊಸ ಉತ್ಪನ್ನದ ಮಾದರಿ ತಯಾರಿಸುವಾಗ ಹತ್ತು ಸೆನ್ಸರ್, ಐದು ಮೋಟಾರು ಬೇಕಾಗುತ್ತವೆ. ಸಂಸ್ಥೆಯ ಹೆಸರಿನಲ್ಲಿ ತರಿಸುವ ಕಾಗದಪತ್ರದ ತಾಪತ್ರಯ ಯಾರಿಗೆ ಬೇಕು ಎಂದು ಮಾಲೀಕರು ಅಥವಾ ಅವರ ಎಂಜಿನಿಯರ್ ತಮ್ಮ ಮನೆಯ ವಿಳಾಸಕ್ಕೆ ‘ಸ್ವಂತ ಬಳಕೆ’ ಎಂದು ತರಿಸುತ್ತಾರೆ. ಮನೆಯಲ್ಲಿ ಹವ್ಯಾಸವೆಂದು ಆರಂಭವಾದದ್ದು ಕಾರ್ಖಾನೆಯ ಮೇಜಿಗೆ ಬಂದ ದಿನ ಅದು ಹವ್ಯಾಸವಾಗಿ ಉಳಿಯುವುದಿಲ್ಲ. ಆಮದುದಾರ ಸಂಕೇತ ಸಂಖ್ಯೆಯಿಲ್ಲದೆ ಸರಕು ತರಿಸಲು ಇರುವ ವಿನಾಯಿತಿ ವ್ಯಾಪಾರ, ತಯಾರಿಕೆ, ಕೃಷಿ ಇವುಗಳಿಗೆ ಸಂಬಂಧಿಸದ ಸ್ವಂತ ಬಳಕೆಗೆ ಮಾತ್ರ. ಗೆಳೆಯರಿಗೆಂದು ಹತ್ತು ಬೋರ್ಡು ತರಿಸಿ ಸ್ವಲ್ಪ ಲಾಭಕ್ಕೆ ಮಾರುವ ಹವ್ಯಾಸಿಯೂ ಇದೇ ಗೆರೆ ದಾಟಿದವನು.

ಹೀಗೆ ತರಿಸಿದ್ದರಲ್ಲಿ ಉಳಿತಾಯವೂ ಅಷ್ಟಕ್ಕಷ್ಟೆ. ಬಿಲ್ ಆಫ್ ಎಂಟ್ರಿ ಸಂಸ್ಥೆಯ ಜಿಎಸ್‌ಟಿ ಸಂಖ್ಯೆಯಲ್ಲಿ ಇಲ್ಲದ ಮೇಲೆ ತೆತ್ತ ತೆರಿಗೆ ಜಮೆಯಾಗುವುದಿಲ್ಲ. ಮಾಲೀಕರ ಸ್ವಂತ ಕಾರ್ಡಿನಿಂದ ಹೋದ ಹಣವನ್ನು ಸಂಸ್ಥೆಯ ವೆಚ್ಚವೆಂದು ತೋರಿಸಲು ಆಧಾರ ಹುಡುಕಬೇಕಾಗುತ್ತದೆ. ಕಟ್ಟದೆ ಉಳಿದ ಸುಂಕದ ವಸೂಲಿಗೆ ಸಾಮಾನ್ಯವಾಗಿ ಎರಡು ವರ್ಷಗಳ ಮಿತಿಯಿದೆ. ಉದ್ದೇಶಪೂರ್ವಕವಾಗಿ ತಪ್ಪು ವಿವರ ಕೊಟ್ಟ ಪ್ರಕರಣಗಳಲ್ಲಿ ಅದು ಐದು ವರ್ಷ. ಕಳೆದ ಐದು ವರ್ಷಗಳಲ್ಲಿ ಮನೆಯ ವಿಳಾಸಕ್ಕೆ ಬಂದು ಕಾರ್ಖಾನೆ ಸೇರಿದ ಪೊಟ್ಟಣಗಳೆಷ್ಟು, ಅವುಗಳ ಮೇಲೆ ಬರೆದಿದ್ದ ಹೆಸರು, ವಿವರ, ಬೆಲೆ ಏನು ಎಂಬುದನ್ನು ಈ ಸಾಲಿನ ಲೆಕ್ಕಪತ್ರ ಮುಗಿಸುವ ಮುನ್ನವೇ ತಮ್ಮ ಲೆಕ್ಕಪರಿಶೋಧಕರ ಮುಂದಿಡುವುದು ಒಳಿತು.